ಕಲ್ಲು ಬಿಟ್ಟೇಳದ ದೂಮ

ಬಹಳ ಹಿಂದೆ, ಏಳು ಗುಡ್ಡಗಳ ಆಚೆಗಿನ ಒಂದು ರಾಜ್ಯದಲ್ಲಿ ಕರಿಮಡು ಎಂಬ ಸರೋವರವಿತ್ತು. ಅದರ ತಳದ ಕತ್ತಲಲ್ಲಿ ಕಲ್ಲಡಿಮೀನು ಎಂಬ ಮೀನು. ಬೇರೆ ಯಾವ ನೀರಿನಲ್ಲೂ ಅದು ಇಲ್ಲ. ದಪ್ಪ ತಲೆ, ಬೋಳು ಮೈ, ನೋಡಲು ಕುರೂಪಿಯೇ. ಆದರೆ ಗಂಡುಮೀನು ಮೊಟ್ಟೆ ಕಾಯಲು ಕಲ್ಲಿನಡಿ ಕೂತರೆ, ಮರಿಯಾಗುವವರೆಗೆ ಕದಲುವುದಿಲ್ಲ. ಎಷ್ಟು ಜನ ಅಪ್ಪಂದಿರ ಬಗ್ಗೆ ಈ ಮಾತು ಹೇಳಬಹುದು?

ಅಲ್ಲಿನ ಅಂಬಿಗರು ಸರೋವರವನ್ನು ಬಿಟ್ಟುಕೊಡಲಿಲ್ಲವೆಂದು ಕಾಳಜಟಿ ಎಂಬ ಮಾಂತ್ರಿಕನಿಗೆ ಕೋಪ ಬಂತು. ಕೇರಿಯ ಮಕ್ಕಳನ್ನೆಲ್ಲ ಮೊಟ್ಟೆ ಮಾಡಿ ನೀರಿಗೆಸೆದ. ಅಂಬಿಗ ದೂಮನ ಮಗಳು ಚೆಲ್ವಿಯೂ ಅವರಲ್ಲಿದ್ದಳು. ದೂಮ ಮಾಂತ್ರಿಕನ ಕಾಲು ಹಿಡಿದ.

"ನಿನ್ನನ್ನ ಕಲ್ಲಡಿಮೀನು ಮಾಡ್ತೀನಿ. ಹನ್ನೆರಡು ದಿನ ಮೊಟ್ಟೆ ಕಾಯಿ," ಎಂದ ಮಾಂತ್ರಿಕ. "ಮೂರು ಸಲ ವೇಷ ಹಾಕಿ ಬಂದು ಎಬ್ಬಿಸ್ತೀನಿ. ಎದ್ದರೆ ಮೊಟ್ಟೆ ಕೊಳೀತವೆ. ಏಳದಿದ್ದರೆ ಮಕ್ಕಳು ನಿಮಗೆ, ಈ ಮಂತ್ರ ನನ್ನ ತಲೆಗೆ."

"ಆಗಲಿ ಬುದ್ಧಿ," ಎಂದ ದೂಮ, ಮೀನಾಗಿ ಮೊಟ್ಟೆಗಳ ಮೇಲೆ ಕಲ್ಲಿನಡಿ ಕೂತ.

ಮೂರನೆಯ ದಿನ ಕೊಬ್ಬಿದ ಸಿಗಡಿ ಬಂತು. "ಹಸಿದಿದ್ದೀಯ, ಬಾ, ತಿನ್ನು." ದೂಮ ಏಳಲಿಲ್ಲ. ಆರನೆಯ ದಿನ ಹಾವುಮೀನು ಬಂದು ಬಾಲ ಕಚ್ಚಿ ಹರಿದುಹಾಕಿತು. ದೂಮ ಏಳಲಿಲ್ಲ.

ಎಂಟನೆಯ ದಿನ, ಬಂಡೆಯ ಆಚೆಯಿಂದ ಹೆಂಡತಿ ಮುದ್ದವ್ವನ ದನಿ ಕೇಳಿತು. "ಚೆಲ್ವಿ ಅಪ್ಪಾ, ಬುತ್ತಿ ತಂದೀನಿ. ಸೊಂಟದ ಹಗ್ಗ ಬಂಡೆಗೆ ಸಿಕ್ಕೊಂಡೈತೆ. ಬಂದು ಕಚ್ಚಿ ಕಡಿ, ಉಸಿರು ಕಟ್ತೈತೆ."

ಇದು ಮೂರನೆಯದು ಎಂದುಕೊಂಡ ದೂಮ. ಎಂಥ ಪಾಪಿ, ನನ್ನವಳ ದನಿಯನ್ನೂ ಬಿಡಲಿಲ್ಲ! ಸ್ವಲ್ಪ ಹೊತ್ತಿಗೆ ದನಿ ನಿಂತಿತು. ಸದ್ಯ, ಪೀಡೆ ತೊಲಗಿತು ಎಂದು ಅವನಿಗೆ ನೆಮ್ಮದಿಯಾಯಿತು.

ಹನ್ನೊಂದನೆಯ ದಿನ ಒಂದು ನೀರುನಾಯಿ ಬಂದು ಹಲ್ಲು ಕಿರಿಯಿತು.

"ಮೂರು ಸಲ ಆಯ್ತಲ್ಲ, ಮತ್ತೆ ಯಾಕೆ ಬಂದೆ?" ಎಂದ ದೂಮ.

"ಇದೇ ಮೂರನೇದು ಕಣೋ," ಎಂದಿತು ನೀರುನಾಯಿ.

ನೀರಿಗೆ ಹೋದ ಗಂಡನಿಗೆ ಎಂಟನೆಯ ದಿನ ಹೆಂಡತಿ ಸೊಂಟಕ್ಕೆ ಹಗ್ಗ ಕಟ್ಟಿ ಮುಳುಗಿ ಬುತ್ತಿ ಒಯ್ಯುವುದು ಆ ಕೇರಿಯ ಪದ್ಧತಿ. ದೂಮನಿಗೆ ಅದು ಆಗ ನೆನಪಾಯಿತು. ಎದೆ ಒಡೆಯಿತು. ಬಂಡೆಯ ಆಚೆಗೆ ಹೋಗಿ ನೋಡಬೇಕೆಂದು ಜೀವ ಎಳೆಯಿತು. ಆದರೆ ಮೈಯಡಿ ಮೊಟ್ಟೆಗಳು ಮಿಸುಕುತ್ತಿದ್ದವು. ನೀರುನಾಯಿ ಬೆನ್ನಿನ ಮಾಂಸ ಕಿತ್ತರೂ ಅವನು ಏಳಲಿಲ್ಲ.

ಹನ್ನೆರಡನೆಯ ದಿನ ಮೊಟ್ಟೆ ಒಡೆದು ಮಕ್ಕಳು ನಗುತ್ತ ದಡಕ್ಕೆ ಈಜಿದರು. ಕಾಳಜಟಿ ತಾನೇ ಒಂದು ಮೊಟ್ಟೆಯಾಗಿ ತಳಕ್ಕೆ ಬಿದ್ದ. ಅವನನ್ನು ಕಾಯುವವರು ಯಾರಿದ್ದರು? ಪುಡಿಮೀನುಗಳು ತಿಂದು ಮುಗಿಸಿದವು. ರಾಜ್ಯ ತಣ್ಣಗಾಯಿತು, ಎಲ್ಲರೂ ಉಂಡುಟ್ಟು ಸುಖವಾಗಿದ್ದರು.

ಎಲ್ಲರೂ ಎಂದೆ, ದೂಮನನ್ನು ಬಿಟ್ಟು. ಅವನು ಮತ್ತೆ ಮನುಷ್ಯನಾಗಿ, ಮುದ್ದವ್ವನ ಹೆಣ ಹೊತ್ತು ದಡ ಹತ್ತಿದ. ಚೆಲ್ವಿ ಓಡಿಬಂದಳು.

"ಅವ್ವ ನಿನ್ನ ಕರೀಲಿಲ್ವಾ ಅಪ್ಪಾ?"

"ಕರೆದ್ಲು ಮಗಾ," ಎಂದ ದೂಮ.