ಮೂರನೇ ಡ್ರಮ್ಮಿನ ಎಲೆ

"ಯಾರ್ರೀ ಅದು ಮೇಲ್ಗಡೆ? ಕಣ್ಣು ಕಾಣಲ್ವಾ ನಿಮಗೆ?"

ಕಣ್ಣು ಕಾಣುತ್ತದೋ ಇಲ್ಲವೋ ಎಂದು ದಿನಕ್ಕೆ ಮೂವತ್ತು ಜನರನ್ನು ಕೇಳುವುದೇ ಅವಳ ಕೆಲಸ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಅವಳು. ಆದರೆ ಇಷ್ಟು ಜೋರಾಗಿ ಯಾರನ್ನೂ ಕೇಳಿರಲಿಲ್ಲ!

ಕೈಯಲ್ಲಿ ಅಂಗಡಿಯ ಬಿಳಿ ಕೋಟು. ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಕೋಟಿನ ಬೆನ್ನುದ್ದಕ್ಕೂ ಕೆಸರು ನೀರಿನ ಗೆರೆ. ನಾಲ್ಕನೇ ಮಹಡಿಯಿಂದ ತಾರಸಿಗೆ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಿದ್ದಳು.

ತಾರಸಿಯಲ್ಲಿ ಐದು ಸ್ಟೀಲ್ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಒಂದರೊಳಗೆ ಅರ್ಧ ಮನುಷ್ಯ. ಹೊರಗುಳಿದ ಅರ್ಧಕ್ಕೆ ಬಾಯಿ ಇರಲಿಲ್ಲ. ಹಾಗಾಗಿ ಡ್ರಮ್ಮೇ ಮಾತಾಡಿತು.

"ಒಂದ್ನಿಮಿಷ... ಬೇರು ಕೈಯಲ್ಲಿದೆ..."

ಆಮೇಲೆ ತಲೆ ಹೊರಬಂತು. ಕೂದಲ ತುಂಬ ಮಣ್ಣು. ಅವನು ಕೋಟು ನೋಡಿದ, ಅವಳ ಮುಖ ನೋಡಿದ, ಮತ್ತೆ ಕೋಟನ್ನೇ ನೋಡಿದ. ಅದೇ ಕ್ಷೇಮ ಅನ್ನಿಸಿರಬೇಕು.

"ಕೊಡಿ, ತೊಳೆದು ಕೊಡ್ತೀನಿ. ನಾನು ವಾಷಿಂಗ್ ಮಷೀನ್ ರಿಪೇರಿಯವನು. ಈ ತಾರಸಿ ರೂಮಿಗೆ ಹೋದ ವಾರ ಬಂದೆ. ಇವೆಲ್ಲ ಕೆಟ್ಟುಹೋದ ಮಷೀನುಗಳ ಡ್ರಮ್ಮು. ಮೊದಲು ಕೊಳೆ ತೆಗೀತಿದ್ವು, ಈಗ ಬೆಳೆ ತೆಗೀತಿವೆ. ತೂತು ಮೊದಲೇ ಇರುತ್ತಲ್ಲ, ನೀರು ನಿಲ್ಲಲ್ಲ."

"ಹೌದು, ನಿಲ್ಲಲ್ಲ. ಸೀದಾ ಬಂದು ನನ್ನ ಕೋಟಲ್ಲಿ ನಿಂತಿದೆ!"

ಅವನು ನಕ್ಕ. ನಗಬಾರದೆಂದು ಅವಳು ತುಟಿ ಕಚ್ಚಿದಳು. ಹಾಳಾದ ನಗು, ಹಲ್ಲಿನ ಸಂದಿಯಿಂದಲೇ ನುಸುಳಿಬಂತು!

"ಅದೇನು ಆನೆಕಿವಿ ಥರಾ ಎಲೆ?"

"ರುಬಾರ್ಬ್. ದಂಟು ಹುಳಿ ಇರುತ್ತೆ, ಸಕ್ಕರೆ ಹಾಕಿ ಬೇಯಿಸ್ತಾರೆ. ಚಳಿ ಅಂದ್ರೆ ಪ್ರಾಣ ಇದಕ್ಕೆ."

ಅವಳು ಕೋಟು ಕೊಟ್ಟು ಇಳಿದುಬಂದಳು. ಕೋಟು ಮಾರನೇ ದಿನವೇ ಬಂತು, ಹಾಲಿನಷ್ಟು ಬೆಳ್ಳಗೆ. ಮನಸ್ಸಿಗೆ ಅಂಟಿದ್ದು ಮಾತ್ರ ಯಾವ ಮಷೀನಿಗೂ ಹೋಗುವಂಥದ್ದಾಗಿರಲಿಲ್ಲ...

* * *

ಅವಳ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಅಮ್ಮ ತೀರಿಕೊಂಡು ಆರು ವರ್ಷ. ಆದರೂ ಅಪ್ಪನ ಗಂಟಲಿನಿಂದಾಗಿ ಮನೆ ತುಂಬ ಜನ!

ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಯಾರ ದನಿಯಾದರೂ ಸರಿ, ಒಂದು ಸಲ ಕೇಳಿದರೆ ಸಾಕು, ಹಾಗೇ ಇಳಿಸಿಬಿಡುತ್ತಿದ್ದರು. ಎರಡನೇ ಮಹಡಿಯ ಸೆಕ್ರೆಟರಿ ಮೂಗಲ್ಲಿ ಎಳೆಯುವ "ಏನಂದ್ರೇ... ವಿಷಯ ಏನಂದ್ರೇ..." ಅಪ್ಪನ ಬಾಯಲ್ಲಿ ಬಂದರೆ ಸ್ವತಃ ಸೆಕ್ರೆಟರಿಯ ಹೆಂಡತಿಯೇ "ಬಂದೆ ರೀ" ಎಂದು ಓಗೊಟ್ಟದ್ದುಂಟು.

ಅಪ್ಪ ತಾರಸಿ ಹತ್ತಿ ಗಿಡ ನೋಡಿ, "ರುಬಾರ್ಬಂತೆ! ಏನು ರುಬಾಬು ಮಹರಾಯ ಇದರದ್ದು!" ಎಂದರು. ಅವನಿಗೆ ಅವತ್ತೇ 'ಡ್ರಮ್ಮಯ್ಯ' ಎಂದು ಹೆಸರಿಟ್ಟರು. ಡ್ರಮ್ಮಯ್ಯ ಅವರನ್ನು 'ಕಂಡಕ್ಟರ್ ಸಾಹೇಬ್ರು' ಅಂದ. ಇಬ್ಬರಿಗೂ ಸರಿಹೋಯಿತು.

ಅವಳಿಗೂ ಸಂಜೆ ಅಂಗಡಿ ಮುಗಿಸಿ ತಾರಸಿ ಹತ್ತುವುದು ರೂಢಿಯಾಯಿತು. ಬೇರುಗಡ್ಡೆಯ ಮೊಗ್ಗು ಮಣ್ಣಿನ ಮಟ್ಟಕ್ಕೇ ಇರಬೇಕು, ಆಳಕ್ಕೆ ಹೂತರೆ ಕೊಳೆಯುತ್ತದೆ. ದಂಟನ್ನು ಕತ್ತರಿಸಬಾರದು, ತಿರುಚಿ ಎಳೆಯಬೇಕು. ಹೂವಿನ ಕಡ್ಡಿ ಎದ್ದರೆ ಮುರಿದುಹಾಕಬೇಕು, ಇಲ್ಲವಾದರೆ ಗಿಡ ಸೊರಗುತ್ತದೆ. ಅವನು ಹೇಳುತ್ತಿದ್ದ, ಅವಳು ಅವನ ರೆಪ್ಪೆ ನೋಡುತ್ತಿದ್ದಳು.

ಚಳಿ ಬಿತ್ತು. ಎಲೆಗಳೆಲ್ಲ ಕಂದಿ, ಮೆತ್ತಗಾಗಿ, ಮಣ್ಣಿಗೆ ಒರಗಿದವು. ಡ್ರಮ್ಮುಗಳಲ್ಲಿ ಬರೀ ಮಣ್ಣು ಉಳಿಯಿತು.

"ಅಯ್ಯೋ! ಸತ್ತೇ ಹೋಯ್ತಾ?"

"ಮಲಗಿದೆ ಅಷ್ಟೆ. ಈ ನಿದ್ದೆ ಆದ್ರೇನೇ ಎದ್ದು ಬರೋದು."

ಚಳಿ ಮುಗಿಯುವ ಹೊತ್ತಿಗೆ ಮೂರನೇ ಡ್ರಮ್ಮಿನಲ್ಲಿ ಕೆಂಪು ಮೊಗ್ಗೊಂದು ಇಣುಕಿತು. ಅವನು ಅದನ್ನು ತೋರಿಸಿ, "ಇದು ಕಂಡಕ್ಟರ್ ಸಾಹೇಬ್ರಿಗೆ. ನಾಲ್ಕು ವರ್ಷದ ಗಿಡ, ಈ ಸಲ ಚೆನ್ನಾಗಿ ಬರುತ್ತೆ," ಎಂದ.

"ಯಾವಾಗ ತಿನ್ನೋದು ಅಂತ ಅಪ್ಪ ದಿನಾ ಪ್ರಾಣ ತಿಂತಿದಾರೆ."

ಅವನು ಯಾವುದೋ ಮೋಟಾರು ಬಿಚ್ಚುತ್ತ, ಹಲ್ಲಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡಿದ್ದ. 'ತಿನ್ನೋದು' ಎಂಬುದಷ್ಟೇ ಕಿವಿಗೆ ಬಿತ್ತೇನೋ. ಸ್ಕ್ರೂಡ್ರೈವರ್ ಕಚ್ಚಿದ ಹಲ್ಲಿನ ಸಂದಿಯಿಂದಲೇ ಹೇಳಿದ.

"ಎಲೆ ಬಿಟ್ಟೇ ತಿನ್ನಬೇಕು ಅಂತ ಹೇಳಿ. ಮರೀಬೇಡಿ, ಮುಖ್ಯ."

ಮೊಗ್ಗೇ ಈಗ ಬರುತ್ತಿದೆ, ಎಲೆ ಬಿಟ್ಟ ಮೇಲಲ್ಲದೆ ಇನ್ಯಾವಾಗ ತಿನ್ನುತ್ತಾರೆ! ಅವಳಿಗೆ ನಗು ಬಂತು. ಕೆಳಗಿಳಿದವಳೇ ಅಪ್ಪನಿಗೆ ವರದಿ ಒಪ್ಪಿಸಿದಳು.

"ಆತುರ ಬೇಡವಂತಪ್ಪಾ. ಎಲೆ ಬಿಟ್ಟ ಮೇಲೇ ತಿನ್ನಬೇಕಂತೆ."

* * *

ಎಲೆ ಬಿಟ್ಟಿತು.

ಅಪ್ಪ ಅವಳಿಗೆ ಅಚ್ಚರಿ ಮಾಡಬೇಕೆಂದಿದ್ದರು. ಅವಳು ಅಂಗಡಿಗೆ ಹೋದ ಮೇಲೆ ತಾರಸಿ ಹತ್ತಿ ಇಡೀ ಗಿಡ ಬೋಳಿಸಿ ತಂದರು. ದಂಟು ತಿನ್ನುವ ಗಿಡದ ಸೊಪ್ಪು ಬಿಸಾಡುವುದೆಂದರೆ, ಅವರ ಪ್ರಕಾರ, ಟಿಕೆಟ್ ಕೊಟ್ಟು ಪ್ರಯಾಣಿಕನನ್ನು ಕೆಳಗಿಳಿಸಿದ ಹಾಗೆ! ದಂಟನ್ನು ಮಗಳಿಗೆಂದು ಎತ್ತಿಟ್ಟರು. ಎಳೆಯ ಸೊಪ್ಪನ್ನೆಲ್ಲ ಬೇಯಿಸಿ ತಾವೇ ತಟ್ಟೆ ತುಂಬ ತಿಂದರು.

ಅವಳು ಬರುವಷ್ಟರಲ್ಲಿ ಅಪ್ಪ ಬಚ್ಚಲಮನೆಯ ನೆಲದ ಮೇಲಿದ್ದರು.

"ಈ ಗಿಡದ ಎಲೆ ವಿಷ ಅಮ್ಮಾ. ದಂಟಷ್ಟೇ ತಿನ್ನೋದು," ಎಂದರು ಆಸ್ಪತ್ರೆಯ ಡಾಕ್ಟರು. "ಇವರ ಕಿಡ್ನಿ ಮೊದಲೇ ಸೋತಿತ್ತು. ಈಗ ಪೂರ್ತಿ ಕೈಕೊಟ್ಟಿದೆ. ಡಯಾಲಿಸಿಸ್ ಮಾಡ್ತಾ ನೋಡಬೇಕು."

ವಿಷ! ಅವನಿಗೆ ಗೊತ್ತಿರಲಿಲ್ಲವೇ? ನಾಲ್ಕು ವರ್ಷ ಅದನ್ನು ಬೆಳೆಸಿದವನಿಗೆ?

ಸುದ್ದಿ ಕೇಳಿ ಅವನು ಓಡಿಬಂದಾಗ ಅವಳು ಕಾರಿಡಾರಿನಲ್ಲೇ ತಡೆದಳು.

"ಎಲೆ ವಿಷ ಅಂತ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ಅದಕ್ಕೇ ಹೇಳಿದ್ದೆನಲ್ಲ... ನಿಮ್ಮ ಹತ್ರಾನೇ..."

"ನನ್ನ ಹತ್ರಾನಾ? ಯಾವಾಗ? ವಿಷ ಅನ್ನೋ ಮಾತು ನಿಮ್ಮ ಬಾಯಲ್ಲಿ ಒಂದು ದಿನ ಬಂದಿದೆಯಾ? ಸುಳ್ಳು ಬೇರೆ ಹೇಳ್ತೀರಾ?"

"ಕೇಳಿ ಇಲ್ಲಿ..."

"ಹೋಗ್ರೀ! ನನ್ನ ಕಣ್ಣೆದುರಿಗೆ ನಿಲ್ಲಬೇಡಿ!"

ಅವನು ಹೋದ. ಅವಳು ಗೋಡೆಗೆ ಹಣೆ ಹಚ್ಚಿ ಅತ್ತಳು. ಅಪ್ಪನಿಗಾಗಿ ಎಷ್ಟು, ಅವನಿಗಾಗಿ ಎಷ್ಟು, ಅವಳಿಗೇ ತಿಳಿಯಲಿಲ್ಲ...

* * *

ಐದು ಡಯಾಲಿಸಿಸ್ ಆದ ಮೇಲೆ ಅಪ್ಪನ ಕಿಡ್ನಿ ನಿಧಾನವಾಗಿ ಮತ್ತೆ ಕೆಲಸ ಶುರುಮಾಡಿತು. ಮನೆಗೆ ಬಂದರು. ಆದರೆ ಅವರ ಗಂಟಲೊಳಗಿನ, ಜನ ತುಂಬಿದ್ದ ಬಸ್ಸು ಖಾಲಿಯಾಗಿತ್ತು. ಅಪ್ಪ ಯಾರ ದನಿಯಲ್ಲೂ ಮಾತಾಡಲಿಲ್ಲ. ತಮ್ಮ ದನಿಯಲ್ಲೂ ಹೆಚ್ಚು ಮಾತಾಡಲಿಲ್ಲ.

ಆ ಮೌನವೇ ಅವಳನ್ನು ಸೆಕ್ರೆಟರಿಯ ಬಾಗಿಲಿಗೆ ನೂಕಿತು. ಅವಳು ದೂರು ಬರೆದುಕೊಟ್ಟಳು. ಕಟ್ಟಡದವರೆಲ್ಲ ಸಭೆ ಸೇರಿದರು.

"ಏನಂದ್ರೇ... ವಿಷಯ ಏನಂದ್ರೇ... ಎಲೆ ತಿನ್ನಬಾರದು ಅಂತ ನೀವು ಇವರಿಗೆ ಹೇಳಿದ್ರೋ, ಇಲ್ವೋ?"

ಅವನು ಅವಳ ಕಡೆ ನೋಡಲಿಲ್ಲ.

"ಇಲ್ಲ. ಹೇಳಲಿಲ್ಲ. ತಪ್ಪು ನನ್ನದೇ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಆಸ್ಪತ್ರೇಲಿ ಹೇಳಿದ್ದೆ ಅಂದ್ರಿ! ಇವತ್ತು ಹೇಳಲಿಲ್ಲ ಅಂತೀರಿ! ನಿಮ್ಮ ಯಾವ ಮಾತು ನಂಬಬೇಕು ನಾನು?"

"ಇವತ್ತಿಂದು ನಂಬಿ," ಎಂದ ಮೆಲ್ಲಗೆ.

ಭಾನುವಾರದೊಳಗೆ ಡ್ರಮ್ಮುಗಳು ತಾರಸಿಯಿಂದ ಹೋಗಬೇಕೆಂದು ತೀರ್ಮಾನವಾಯಿತು. ತಾನೂ ರೂಮು ಖಾಲಿ ಮಾಡುವೆನೆಂದು ಅವನೇ ಹೇಳಿದ. ಗೆದ್ದಿದ್ದು ಅವಳು. ಗೆದ್ದವಳಿಗೆ ಮನೆಗೆ ಬಂದು ಬಾಗಿಲು ತಟ್ಟಲು ಕೈ ಬರಲಿಲ್ಲ...

* * *

ಭಾನುವಾರ ಬೆಳಗ್ಗೆ ಮೇಲಿಂದ ಸ್ಟೀಲ್ ಎಳೆಯುವ ಕರಕರ ಸದ್ದು. ಅಪ್ಪ ಮಾತ್ರೆ ನುಂಗಿ ಚಾವಣಿ ನೋಡಿದರು.

"ಹೋಗ್ತಿದಾನಾ?"

"ಹೋಗ್ಲಿ ಬಿಡಿ."

"ನಾನು ಅವನಿಗೆ ಮಾತು ಕೊಟ್ಟಿದ್ದೆ, ಮಗಳೇ. ಇವತ್ತು ಮುರೀತೀನಿ." ಅಪ್ಪ ದಿಂಬಿಗೆ ಒರಗಿ ಕೂತರು. "ನೀನು ಅಂಗಡಿಗೆ ಹೋಗಿದ್ದಾಗ ಆಸ್ಪತ್ರೆಗೆ ಬಂದಿದ್ದ. 'ಎಲೆ ಯಾಕೆ ತಿಂದ್ರಿ ಸಾಹೇಬ್ರೇ' ಅಂತ ಅತ್ತುಬಿಟ್ಟ. 'ನೀನೇ ತಾನೇ ಮಗಳ ಹತ್ರ ಹೇಳಿ ಕಳಿಸಿದ್ದು, ಎಲೆ ಬಿಟ್ಟ ಮೇಲೆ ತಿನ್ನಬೇಕು ಅಂತ?' ಅಂದೆ ಅವನಿಗೆ. ಆಗ ಅವನು, ಅವತ್ತು ಸ್ಕ್ರೂಡ್ರೈವರ್ ಕಚ್ಚಿಕೊಂಡೇ ನಿನಗೆ ಹೇಳಿದ್ದ ಮಾತು ಹೇಳಿದ."

"ಏನಂತ?"

ಅಪ್ಪ ಸ್ಟೂಲಿನ ಮೇಲಿದ್ದ ಚಮಚವನ್ನು ಅಡ್ಡಲಾಗಿ ಹಲ್ಲಲ್ಲಿ ಕಚ್ಚಿಕೊಂಡರು. ಎರಡು ತಿಂಗಳಿಂದ ಮುಚ್ಚಿದ್ದ ಗಂಟಲಿನಿಂದ ಅವನ ದನಿ ಹೊರಬಂತು. ಅದೇ ಸ್ಕ್ರೂಡ್ರೈವರಿನ ತೊದಲು, ಅದೇ ಅವಸರ.

"ಎಲೆ ಬಿಟ್ಟೇ ತಿನ್ನಬೇಕು ಅಂತ ಹೇಳಿ. ಮರೀಬೇಡಿ, ಮುಖ್ಯ."

ಎಲೆ ಬಿಟ್ಟೇ...

ಎಲೆಯನ್ನು ಬಿಟ್ಟು. ಎಲೆಯನ್ನು ಬೇರೆ ತೆಗೆದು. ಎಲೆ ಬೇಡ ಎಂದು!

'ಬಿಟ್ಟೇ' ಎಂದಿದ್ದನ್ನು 'ಬಿಟ್ಟ ಮೇಲೇ' ಮಾಡಿದ್ದು ಯಾರು? ನಗುನಗುತ್ತ ಇಳಿದುಬಂದು ಅಪ್ಪನ ಕಿವಿಗೆ ಹಾಕಿದ್ದು ಯಾರು?

"ನಾನು..." ಅವಳು ಮಂಚದ ಪಕ್ಕ ಕೂತು ಅಪ್ಪನ ಕಾಲು ಹಿಡಿದಳು. "ನಾನೇ ಅಪ್ಪಾ... ನಿಮಗೆ ವಿಷ ತಿನ್ನಿಸಿದ್ದು ನಾನೇ..."

"ಇದಕ್ಕೇ ಕಣಮ್ಮಾ ಅವನು ಹೇಳಬೇಡಿ ಅಂದಿದ್ದು. ನೋಡು, ನಾನು ಇಲ್ಲೇ ಇದೀನಿ, ಚಮಚ ಕಚ್ಕೊಂಡು ಆಟ ಆಡ್ತಿದೀನಿ. ಅಳೋದು ಆಮೇಲೆ ಅಳು. ಮೊದಲು ಮೇಲಕ್ಕೆ ಹೋಗು."

* * *

ನಾಲ್ಕು ಡ್ರಮ್ಮುಗಳು ಖಾಲಿಯಾಗಿ ಮಗುಚಿ ಬಿದ್ದಿದ್ದವು. ಬೇರುಗಡ್ಡೆಗಳು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡಿದ್ದವು. ಅವನು ಕೊನೆಯ ಡ್ರಮ್ಮಿಗೆ ಕೈಹಾಕಿದ್ದ.

"ಸುಳ್ಳುಗಾರ!"

ಅವನು ತಿರುಗಿದ. ಅವಳ ಕಣ್ಣು ನೋಡಿದ್ದೇ ಎಲ್ಲ ಅರ್ಥವಾಯಿತು.

"ಸಾಹೇಬ್ರು ಹೇಳಿಬಿಟ್ರಾ..."

"ನನಗೆ ಯಾಕೆ ಹೇಳಲಿಲ್ಲ ನೀವು? ಅಷ್ಟು ಜನರ ಮುಂದೆ ತಲೆ ತಗ್ಗಿಸಿ ನಿಂತ್ರಲ್ಲ, ಯಾಕೆ?"

"ದಿನಾ ಮೂರು ಹೊತ್ತು ಅಪ್ಪಂಗೆ ಔಷಧಿ ಕುಡಿಸೋ ಕೈ ಅದು. ತಪ್ಪು ನಿಮ್ಮದು ಅಂತ ಗೊತ್ತಾದ್ರೆ ನಡುಗುತ್ತೆ. ನನ್ನ ಮೇಲಿನ ಸಿಟ್ಟಲ್ಲಾದ್ರೆ ಗಟ್ಟಿಯಾಗಿರುತ್ತೆ ಅನ್ನಿಸ್ತು."

ಅವಳಿಗೆ ಅಳು ಒತ್ತಿಬಂತು. ಅದರ ಹಿಂದೆಯೇ ಕೋಪವೂ.

"ನನ್ನ ತಪ್ಪು ನನ್ನದು! ಅದನ್ನ ಕದ್ದು ಇಟ್ಕೊಳ್ಳೋಕೆ ನಿಮಗೇನು ಹಕ್ಕು?"

"ಹಕ್ಕಿಲ್ಲ." ಅವನು ಮಣ್ಣು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಆ ಹಕ್ಕು ಸಿಕ್ಕಿದ್ರೆ ಚೆನ್ನಾಗಿರ್ತಿತ್ತು ಅಂತ... ತುಂಬಾ ದಿನದಿಂದ ಆಸೆ ಇದೆ."

ಗಾಳಿ ಬೀಸಿತು. ಖಾಲಿ ಡ್ರಮ್ಮೊಂದು ತನ್ನಷ್ಟಕ್ಕೆ ಅರ್ಧ ಸುತ್ತು ಉರುಳಿ ನಿಂತಿತು.

"ನಾನು ಅಷ್ಟೆಲ್ಲ ಅಂದ ಮೇಲೂನಾ?"

"ಅಂದಿದ್ದಕ್ಕೆಲ್ಲ ನೋವಾಯ್ತು. ಆದ್ರೂ ಆಸೆ ಇದೆ."

"ನನ್ನನ್ನ ಕ್ಷಮಿಸ್ತೀರಾ?"

"ನಾನೂ ಬಿಡಿಸಿ ಹೇಳಬೇಕಿತ್ತು. ವಿಷ ಅನ್ನೋ ಎರಡಕ್ಷರ ಹೇಳೋಕೆ ಸ್ಕ್ರೂಡ್ರೈವರ್ ಬಾಯಿಂದ ತೆಗೀಬೇಕಿತ್ತು. ಅರ್ಧ ತಪ್ಪು ನಂಗೆ ಕೊಡಿ, ಅರ್ಧ ನೀವು ಇಟ್ಕೊಳ್ಳಿ."

ಅವಳು ಕಣ್ಣೊರೆಸಿಕೊಂಡು ಬಂದು ಡ್ರಮ್ಮಿನ ಇನ್ನೊಂದು ಅಂಚು ಹಿಡಿದಳು.

"ಏನ್ ಮಾಡ್ತಿದೀರಿ?"

"ತಾರಸಿ ಮೇಲೆ ಇಡಬಾರದು ಅಂತ ತಾನೇ ತೀರ್ಮಾನ? ನಮ್ಮ ಬಾಲ್ಕನಿ ತಾರಸಿ ಅಲ್ಲ. ಎಲೆ ಕಿತ್ತು ಬಿಸಾಡೋ ಜವಾಬ್ದಾರಿ ನನ್ನದು. ಎತ್ತಿ!"

ಒದ್ದೆ ಮಣ್ಣಿನ ಡ್ರಮ್ಮು ಹೆಣಭಾರ. ಅವನು ಮುಂದೆ, ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತ. ಅವಳು ಮೇಲಿನಿಂದ ಅವನಿಗೆ ದಾರಿ ಹೇಳುತ್ತ.

ತಾರಸಿ ಖಾಲಿಯಾಯಿತೋ ಎಂದು ನೋಡಲು ಸೆಕ್ರೆಟರಿ ಎದುರಿಗೇ ಏದುಸಿರು ಬಿಡುತ್ತ ಹತ್ತಿಬಂದರು.

"ಏನಂದ್ರೇ... ಇದೇನಮ್ಮಾ ಇದು?"

"ಅಂಕಲ್, ಇವರು ನನಗೆ ಮೊದಲೇ ಎಚ್ಚರಿಕೆ ಹೇಳಿದ್ರು. ನಾನು ಅಪ್ಪಂಗೆ ತಪ್ಪಾಗಿ ಹೇಳ್ದೆ. ತಪ್ಪು ನನ್ನದು. ಸಭೆ ಕರೀರಿ, ಎಲ್ಲರ ಮುಂದೆಯೂ ಹೇಳ್ತೀನಿ." ಹೇಳುವಾಗ ಅವಳ ಕೈ ನಡುಗಿತು. ಆದರೂ ಡ್ರಮ್ಮು ಜಾರಲಿಲ್ಲ. ಕೆಳಗಿನ ಅಂಚಿನಲ್ಲಿ ಅವನ ಹಿಡಿತ ಬಿಗಿಯಾಗಿತ್ತು.

ಸೆಕ್ರೆಟರಿಗೆ ಮೊದಲ ಸಲ ವಿಷಯ ಏನೆಂದು ತೋಚಲಿಲ್ಲ. ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು.

ನಾಲ್ಕನೇ ಮಹಡಿ ಬಂತು.

"ಈಗ ಬಲಕ್ಕೆ ತಿರುಗಿ," ಎಂದಳು.

ಅವನು ಅಲ್ಲೇ ನಿಂತ. "ನಿಮ್ಮ ಬಲಕ್ಕೋ, ನನ್ನ ಬಲಕ್ಕೋ? ಬಿಡಿಸಿ ಹೇಳಿ. ಎದುರುಬದುರು ನಿಂತಿದೀವಿ."

ಅವಳು ಒದ್ದೆ ಕಣ್ಣಲ್ಲೇ ನಕ್ಕಳು. "ನಮ್ಮ ಮನೆ ಕಡೆಗೆ."

"ನಮ್ಮ ಅಂದ್ರೆ?"

"ನಂದು, ಅಪ್ಪಂದು..." ಒಂದು ಕ್ಷಣ ತಡೆದು, ಈ ಸಲ ಯಾರಿಗೂ ತಪ್ಪು ತಿಳಿಯದ ಹಾಗೆ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು. "ನಿಮ್ಮದು."