ಶೇಕಡಾ ಎಪ್ಪತ್ತಮೂರಕ್ಕೆ ನಿಂತ ಅಪ್‌ಡೇಟ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ಮಧ್ಯಾಹ್ನ ಕೋಣೆಯಲ್ಲಿ ದೊಡ್ಡಮ್ಮನ ಜೊತೆ ನಾನೂ ಇದ್ದೆ.

ದೊಡ್ಡಮ್ಮ ನಿವೃತ್ತ ಗಣಿತ ಶಿಕ್ಷಕಿ. ನಾಲ್ಕು ವರ್ಷದಿಂದ ಬರೆಯುತ್ತಿದ್ದ ರೇಖಾಗಣಿತದ ಪುಸ್ತಕ ಅವರ ಹಳೆಯ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅಂದು ಆ ಕಂಪ್ಯೂಟರಿನ ಅಪ್‌ಡೇಟ್ ಶೇಕಡಾ ಎಪ್ಪತ್ತಮೂರಕ್ಕೆ ಬಂದು ನಿಂತದ್ದು ಮೂರು ತಾಸು ಕಳೆದರೂ ಅಲುಗಾಡಲಿಲ್ಲ. ಕೊನೆಗೆ ನಾನು ಪ್ಲಗ್ ಕಿತ್ತೆ. ಪರದೆ ಕಪ್ಪಾಯಿತು. ಪೆಟ್ಟಿಗೆಯೊಳಗಿನ ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು.

ದೊಡ್ಡಮ್ಮ ಜ್ವರ ನೋಡುವವರಂತೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು.

"ಬಿಸಿ ಇರ್ಬೇಕಿತ್ತು ಕಣೋ. ಮಂಜುಗಡ್ಡೆ ಥರ ಇದೆ."

"ದೊಡ್ಡಮ್ಮ, ಹೊರಗೆ ಹೋಗೋಣ ಬನ್ನಿ."

"ನಾಲ್ಕು ವರ್ಷದ ಕೆಲಸ ಒಳಗಿದೆ. ನೀನು ಬೇಕಾದ್ರೆ ಹೋಗು."

ನಾನು ಹೋಗಲಿಲ್ಲ; ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಅಷ್ಟರಲ್ಲಿ ಯಾರೂ ಮುಟ್ಟದ ಕೀಬೋರ್ಡಿನಿಂದ ಟಕಟಕ ಸದ್ದು ಶುರುವಾಯಿತು. ದೊಡ್ಡಮ್ಮ, ಗದ್ದಲದ ತರಗತಿ ತಾನಾಗಿ ಸುಮ್ಮನಾಗಲೆಂದು ಕಾಯುವವರಂತೆ, ಕೈಕಟ್ಟಿ ನಿಂತರು. ಹತ್ತು ನಿಮಿಷದ ಮೇಲೆ ಸದ್ದು ನಿಂತಿತು, ಫ್ಯಾನೂ ನಿಂತಿತು. ಆಮೇಲೆ ಪ್ಲಗ್ ಸಿಕ್ಕಿಸಿ, ಸೇಫ್ ಮೋಡಿನಲ್ಲಿ ತೆರೆದು, ಅರೆಬರೆ ಅಪ್‌ಡೇಟನ್ನು ಕಿತ್ತುಹಾಕಿದರು. ಅಂಥ ಗುಂಡಿಗೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಪುಸ್ತಕ ಪೂರ್ತಿ ಉಳಿದಿತ್ತು. ಕೊನೆಯಲ್ಲಿ, ಅವರು ಬರೆಯದ ಒಂದು ಪುಟವೂ ಇತ್ತು. ಅವರು ಆಗಲೇ ಸಾಧಿಸಿದ್ದ ಪ್ರಮೇಯವೊಂದಕ್ಕೆ ಅದರಲ್ಲಿ ಇನ್ನೊಂದು ಸಾಧನೆ. ದೊಡ್ಡಮ್ಮ ಪೆನ್ಸಿಲ್ ಹಿಡಿದು ಅದನ್ನು ಎರಡು ಸಲ ಪರೀಕ್ಷಿಸಿದರು.

"ಒಂದು ತಪ್ಪೂ ಇಲ್ಲ," ಎಂದರು ಮೆಲ್ಲಗೆ. "ನನ್ನದಕ್ಕಿಂತ ಎರಡು ಸಾಲು ಕಮ್ಮಿ."