ಎಂಬತ್ತು ದಾಟಿದರೆ ನಡುಗುವ ಸ್ಟೇರಿಂಗು

ಕಾರು ಗ್ಯಾರೇಜಿನೊಳಗೆ ನುಗ್ಗಿದ ರೀತಿಯಲ್ಲೇ ಅಲೈನ್‌ಮೆಂಟ್ ಮಾಡುವ ಹುಡುಗನಿಗೆ ಗೊತ್ತಾಯಿತು, ಬಂದಿರುವುದು ಜಗಳವೆಂದು.

“ನಿನ್ನೆ ತಾನೇ ಚಕ್ರದ ಕೆಲಸ ಮಾಡಿಸ್ಕೊಂಡು ಹೋದೆ! ಎಂಬತ್ತು ದಾಟಿದ್ರೆ ಸಾಕು, ಸ್ಟೇರಿಂಗು ಚಳಿಜ್ವರ ಬಂದವರ ಹಾಗೆ ನಡುಗುತ್ತೆ. ಹಿಂದಿನ ಸೀಟಲ್ಲಿ ಬಸುರಿ ಹೆಂಗಸಿದ್ಲು, ಗೊತ್ತಾ?” ಬಾಡಿಗೆ ಕಾರಿನ ಡ್ರೈವರ್ ಬಾಗಿಲನ್ನು ದಡಾರನೆ ಹಾಕಿದ.

ಗ್ಯಾರೇಜಿನ ಮಾಲೀಕರು ಆ ಹುಡುಗನ ಸೋದರಮಾವ. “ಗಾಡಿ ಪಕ್ಕಕ್ಕೆ ಎಳೆಯುತ್ತಾ?” ಎಂದರು.

“ಇಲ್ಲ. ನೆಟ್ಟಗೇ ಹೋಗುತ್ತೆ. ಬರೀ ನಡುಕ.”

ಪಕ್ಕಕ್ಕೆ ಎಳೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಎಂದು. ಅದು ಅವನ ಕೆಲಸ. ವೇಗದಲ್ಲಿ ನಡುಗಿದರೆ ಚಕ್ರದ ಬ್ಯಾಲೆನ್ಸ್ ಕೆಟ್ಟಿದೆ ಎಂದು. ಅದು ಅವಳ ಕೆಲಸ. ಎಲ್ಲರ ಕಣ್ಣೂ ಮೂಲೆಯ ಬ್ಯಾಲೆನ್ಸಿಂಗ್ ಮೆಷಿನ್ನಿನ ಮುಂದೆ ನಿಂತಿದ್ದ ಅವಳತ್ತ ಹೊರಳಿತು.

“ಹೆಂಗಸರ ಕೈಗೆ ಮೆಷಿನ್ ಕೊಡಬೇಡ ಅಂತ ಎಲ್ಲರೂ ಬಡ್ಕೊಂಡ್ರು,” ಮಾವ ಬೀದಿಗೆ ಕೇಳುವಂತೆ ಕೂಗಿದರು. “ಇವತ್ತಿಂದ ನೀನು ಗಾಡಿ ತೊಳೆಯೋಕೆ ಹೋಗಮ್ಮ.”

“ಮೆಷಿನ್ನು ಸೊನ್ನೆ ತೋರಿಸಿದ ಮೇಲೇ ಚಕ್ರ ಇಳಿಸಿದ್ದು ಸರ್. ಇವನನ್ನೇ ಕೇಳಿ, ಪಕ್ಕದಲ್ಲೇ ಇದ್ದ.” ಅವಳು ಅವನನ್ನು ನೋಡಿದಳು.

ದಿನವೂ ಬಾನೆಟ್ಟಿನ ಮೇಲಿಂದ ಹಾದುಬಂದು ಅವನನ್ನು ಕೆಣಕುತ್ತಿದ್ದ ನೋಟ ಅದು. “ಸ್ಕ್ರೀನ್ ನೋಡು, ನನ್ನನ್ನಲ್ಲ. ಯಾರದೋ ಗಾಡಿ ಚರಂಡಿಗಿಳಿದೀತು” ಎಂದು ಅವಳು ಹೇಳಿದರೆ, “ಇಳೀಲಿ ಬಿಡು, ಎತ್ತೋ ನೆಪದಲ್ಲಿ ಇಬ್ರೂ ಹೋಗೋಣ” ಎನ್ನುತ್ತಿದ್ದ. ಈಗ ಆ ಕಣ್ಣುಗಳಲ್ಲಿ ಕೀಟಲೆ ಇರಲಿಲ್ಲ. ಅವು ಸಾಕ್ಷಿ ಕೇಳುತ್ತಿದ್ದವು.

“ನಾನು ಗಮನಿಸಲಿಲ್ಲ,” ಎಂದು ಅವನು ನೆಲ ನೋಡಿದ.

ಗಮನಿಸಿದ್ದ. ಸಮತೂಕಕ್ಕೆಂದು ಅವಳು ರಿಮ್ಮಿನ ಅಂಚಿಗೆ ಕಚ್ಚಿಸಿದ್ದ ಸೀಸದ ತುಂಡು, ಅವನು ಅಲೈನ್‌ಮೆಂಟಿನ ಕ್ಲಾಂಪ್ ಸಿಕ್ಕಿಸುವಾಗ ತಗುಲಿ ಉದುರಿತ್ತು. ಹೇಳಿದರೆ ಚಕ್ರ ಬಿಚ್ಚಿ ಮತ್ತೆ ಮೆಷಿನ್ನಿಗೆ ಏರಿಸಬೇಕು, ಮಾವನ ಬೈಗುಳ ತಿನ್ನಬೇಕು. ಇಷ್ಟು ಚಿಕ್ಕದರಿಂದ ಏನಾದೀತು ಎಂದು ಅದನ್ನು ಕಾಲಲ್ಲಿ ಮೂಲೆಗೆ ತಳ್ಳಿದ್ದ.

ಅವಳು ರಬ್ಬರ್ ಬೂಟು ಹಾಕಿಕೊಂಡು ಹಿತ್ತಲಿನ ತೊಟ್ಟಿಯತ್ತ ನಡೆದಳು. ಅವನಿಗೆ ಅಂಗೈಯ ಗ್ರೀಸೂ ಸುಡುವಂತಾಯಿತು. ಮಾಲೀಕರ ಅಕ್ಕನ ಮಗ ಎಂಬ ಒಂದೇ ಕಾರಣಕ್ಕೆ ತನ್ನನ್ನು ಯಾರೂ ಅನುಮಾನಿಸಿರಲಿಲ್ಲ. ಆ ರಕ್ಷಣೆಯ ಮರೆಯಲ್ಲಿ ನಿಂತು, ತಾನು ಪ್ರೀತಿಸುವ ಹೆಣ್ಣಿನ ಅನ್ನಕ್ಕೇ ಕಲ್ಲು ಹಾಕಿದ್ದ. ಹಿತ್ತಲಿಗೆ ಹೋದ.

“ನೀನು ಕಚ್ಚಿಸಿದ್ದ ತೂಕ ಉದುರಿದ್ದು ನನ್ನ ಕೈಯಿಂದ ಕಣೇ. ಹೇಳೋಕೆ ಬಾಯಿ ಬರಲಿಲ್ಲ. ನಿನ್ನ ಮೇಲೆ ನನಗೆ ಎಷ್ಟು...”

“ನಿಲ್ಲಿಸು!” ಅವಳ ಕೈಯ ಪೈಪು ಅವನ ಪ್ಯಾಂಟು ತೋಯಿಸಿತು. “ನೀನು ತಪ್ಪು ಮಾಡಿದ್ರೆ ನೀನೊಬ್ಬನೇ ದಡ್ಡ. ನಾನು ಮಾಡಿದ್ರೆ ಪ್ರಪಂಚದ ಹೆಂಗಸರೆಲ್ಲ ನಾಲಾಯಕ್ಕು. ನನಗೆ ಬೈದಿದ್ದು ಊರಿಗೆಲ್ಲ ಕೇಳಿಸ್ತು. ನೀನು ಬಂದು ನನ್ನ ಕಿವೀಲಿ ಗುಟ್ಟು ಹೇಳ್ತಿದ್ದೀಯಲ್ಲೋ!”

ನೆಲ ಬಾಯಿ ಬಿಟ್ಟಿದ್ದರೆ ಅವನು ಇಳಿದುಬಿಡುತ್ತಿದ್ದ. ಬಿಡಲಿಲ್ಲವಾದ್ದರಿಂದ ಒದ್ದೆ ಪ್ಯಾಂಟಿನಲ್ಲೇ ಮುಂದಿನ ಅಂಗಳಕ್ಕೆ ಬಂದ. ಡ್ರೈವರ್ ಇನ್ನೂ ಅವಳನ್ನೇ ಆಡಿಕೊಂಡು ಗೊಣಗುತ್ತಿದ್ದ. ನಾಲ್ಕಾರು ಗಿರಾಕಿಗಳೂ ಇದ್ದರು.

“ಮಾವ, ತಪ್ಪು ನನ್ನದು. ಅವಳು ಹಾಕಿದ ತೂಕ ಬೀಳಿಸಿದ್ದೂ ನಾನೇ, ಮುಚ್ಚಿಟ್ಟಿದ್ದೂ ನಾನೇ.”

ಮಾವನ ಮುಖ ಕಪ್ಪಿಟ್ಟಿತು. “ಒಳಗೆ ಬಾರೋ, ಒಳಗೆ ಮಾತಾಡೋಣ.”

“ಬೇಡ ಮಾವ. ಅವಳನ್ನ ಬೈದಿದ್ದು ಹೊರಗೇ.”

“ಥೂ, ನಿನ್ನ ಮಾತು ನಂಬಿ ಆ ಹೆಣ್ಮಗಳನ್ನ ಆಡ್ಕೊಂಡೆನಲ್ಲಪ್ಪಾ!” ಡ್ರೈವರ್ ತಲೆ ಚಚ್ಚಿಕೊಂಡ.

ಮಾವ ಹಿತ್ತಲಿನ ಕಡೆಗೆ ಮುಖ ಮಾಡಿ, “ಮೆಷಿನ್ ಹತ್ರ ಹೋಗಮ್ಮ,” ಎಂದು ಮೆಲ್ಲಗೆ ಗೊಣಗಿದರು.

“ನೀರಿನ ಸದ್ದಿಗೆ ಕೇಳಿಸ್ತಿಲ್ಲ ಸರ್!”

ಅವರು ಗಂಟಲು ಸರಿಮಾಡಿಕೊಂಡು ಜೋರಾಗಿ ಹೇಳಬೇಕಾಯಿತು.

ಅವನು ಚಕ್ರ ಬಿಚ್ಚಿ ಅವಳ ಮುಂದೆ ತಂದಿಟ್ಟ. ಮುಖ ಎತ್ತಲಾಗಲಿಲ್ಲ. ಅವಳು ಹೊಸ ತೂಕ ಕಚ್ಚಿಸಿದಳು; ಮೆಷಿನ್ನು ತಿರುಗಿ, ಸೊನ್ನೆ ತೋರಿಸಿ ನಿಂತಿತು.

“ಹಿತ್ತಲಲ್ಲಿ ನಾನು ಶುರು ಮಾಡಿದ ಮಾತು...” ಎಂದ, ಕೊನೆಗೆ. “ಅದನ್ನ ಕೇಳೋ ಮನಸ್ಸು ಇನ್ನೂ ಇದೆಯಾ?”

“ಇವತ್ತು ಹೇಳಬೇಡ,” ಎಂದಳು. “ಇವತ್ತಿನ ಕೋಪಕ್ಕೆ, ಬೇಡ ಅಂದುಬಿಡ್ತೀನಿ.” ಚಕ್ರವನ್ನು ಮೆಷಿನ್ನಿನಿಂದ ಇಳಿಸುತ್ತಾ, ಅವನ ಕಡೆ ನೋಡದೆಯೇ ಹೇಳಿದಳು: “ಹಾಗೆ ಅನ್ನೋಕೆ ನನಗೆ ಇಷ್ಟ ಇಲ್ಲ.”